ಸತ್ತವರು ಏಳಬಾರದು

ನನಗೆ ಇಬ್ಬರು ಭಾವಂದಿರು. ದೊಡ್ಡಕ್ಕನ ಗಂಡ ಮಾತಾಡಿ ಸಂಬಳ ತೆಗೆದುಕೊಳ್ಳುತ್ತಾರೆ, ಚಿಕ್ಕಕ್ಕನ ಗಂಡ ಸತ್ತು ಸಂಬಳ ತೆಗೆದುಕೊಳ್ಳುತ್ತಾರೆ. ಇಬ್ಬರದೂ ಒಂದೇ ಕೋಟೆಯಲ್ಲಿ ಕೆಲಸ. ಅದೇ ಕೋಟೆಯ ಉಡುಪಿನ ಕೋಣೆಯಲ್ಲಿ ಸೂಜಿ ದಾರ ಹಿಡಿದು ಕೂತಿರುವವಳು ನಾನು. ಇಬ್ಬರನ್ನೂ ಇಷ್ಟು ಹತ್ತಿರದಿಂದ ನೋಡಿದ ಮೇಲೆ ನನಗೆ ಮದುವೆಯ ಆಸೆಯೇ ಹೋಯಿತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ, ಆದರೆ ಹೇಳಲು ಚೆನ್ನಾಗಿದೆ.

ಈ ಕತೆ ದೊಡ್ಡ ಭಾವನದು. ಅವರು ಕೆಟ್ಟವರಲ್ಲ. ಸಾಲದ್ದಕ್ಕೆ ಓದಿದವರು. ಆದರೆ ದೇವರು ಅವರಿಗೆ ಹೊಟ್ಟೆ ಕೊಡುವಾಗಲೇ ಅದರೊಳಗೆ ಒಂದು ಕಿಚ್ಚನ್ನೂ ಇಟ್ಟು ಕಳಿಸಿದ್ದ. ನಾನು ಆ ಕಿಚ್ಚಿನ ಪಕ್ಕದಲ್ಲೇ ಕೂತು ಹೊಲಿದವಳು, ಅದರ ಬಿಸಿ ನನಗೆ ಗೊತ್ತು.

ಕೋಟೆ ಮಧ್ಯಯುಗದ್ದು. ಒಬ್ಬ ರಾಜ ಕಟ್ಟಿಸಿದ, ಇನ್ನೊಬ್ಬ ಮುತ್ತಿಗೆ ಹಾಕಿದ, ಇಬ್ಬರೂ ಮಣ್ಣಾದರು, ಕಲ್ಲು ಉಳಿಯಿತು. ಈಗ ಅದನ್ನು ನೋಡಿಕೊಳ್ಳುವುದು ಒಂದು ಸಮಿತಿ. ಶಾಲೆಯ ಮಕ್ಕಳು ಬಸ್ಸುಗಟ್ಟಲೆ ಬಂದು ಇಳಿಯುತ್ತಾರೆ, ತಗಡಿನ ಶಿರಸ್ತ್ರಾಣ ತಲೆಗಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ಬಿಲ್ಲು ಎಳೆದು ನೋಡಿ ಬೆರಳು ನೋಯಿಸಿಕೊಳ್ಳುತ್ತಾರೆ, ಆಮೇಲೆ ಅಂಗಳದ ಕಲ್ಲಿನ ಮೆಟ್ಟಿಲುಗಳ ಮೇಲೆ ಕೂತು ಮುತ್ತಿಗೆಯ ಆಟ ನೋಡುತ್ತಾರೆ. ಬಾಗಿಲ ಫಲಕದ ಮೇಲೆ ‘ನೋಡಿ, ನಲಿಯಿರಿ, ಕಲಿಯಿರಿ’ ಎಂದು ಬರೆದಿದೆ. ಮೊದಲೆರಡನ್ನು ಮಕ್ಕಳು ಯಾರ ಸಹಾಯವೂ ಇಲ್ಲದೆ ಮಾಡುತ್ತಾರೆ. ಮೂರನೆಯದನ್ನು ಮಾಡಿಸುವ ಹೊಣೆ ದೊಡ್ಡ ಭಾವನದು.

ಆಟ ಶುರುವಾಗುವುದು ನಗಾರಿಯಿಂದ. ಮರದ ಕವಣೆಯಂತ್ರದಿಂದ ಸ್ಪಂಜಿನ ಬಂಡೆಗಳು ಹಾರಿ ಬಂದು ಮಕ್ಕಳ ತಲೆಯ ಮೇಲೇ ಬೀಳುತ್ತವೆ. ಅಷ್ಟರಲ್ಲಿ ಶತ್ರು ಸೇನಾಪತಿ ಏಣಿ ಹಾಕಿ ಗೋಡೆ ಹತ್ತುತ್ತಾನೆ. ಮೇಲೆ ರಾಜ ಕಾದಿರುತ್ತಾನೆ. ರಾಜ ಎಂದರೆ ನಮ್ಮ ಗೇಟಿನ ಕಾವಲುಗಾರ, ಹೊಟ್ಟೆ ನೋಡಿ ಕೊಟ್ಟ ಪಾತ್ರ. ಇಬ್ಬರಿಗೂ ಕತ್ತಿಯ ಕಾಳಗ. ಸೇನಾಪತಿ ಹಿಮ್ಮುಖವಾಗಿ ಹುಲ್ಲಿನ ಗಾಡಿಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಉರುಳಿ, ಎದ್ದು, ತೂರಾಡಿ, ಮಕ್ಕಳ ಕಾಲ ಬುಡದವರೆಗೆ ಬಂದು ಸಾಯುತ್ತಾನೆ. ಆಗ ದೊಡ್ಡ ಭಾವ ಬಾವಿಕಟ್ಟೆಯ ಮೇಲೆ ನಿಂತು ಮೈಕಿನಲ್ಲಿ ನಾಲ್ಕು ಮಾತು ನಿಜವಾದ ಇತಿಹಾಸ ಹೇಳಿ, ಮಕ್ಕಳನ್ನು ಒಳಗಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುತ್ತಾರೆ.

ಇದಕ್ಕೊಂದು ನಿಯಮವಿದೆ. ಕೊನೆಯ ಮಗು ಅಂಗಳ ದಾಟುವ ತನಕ ಸತ್ತವರು ಏಳಬಾರದು. ಹಿಂದೊಮ್ಮೆ ಸತ್ತ ಸೈನಿಕನೊಬ್ಬ ಎದ್ದು ಬೆನ್ನು ಕೆರೆದುಕೊಳ್ಳುವುದನ್ನು ಒಂದು ಪುಟ್ಟ ಮಗು ನೋಡಿ, ‘ಮೋಸ, ಮೋಸ’ ಎಂದು ಬಸ್ಸಿನವರೆಗೂ ಅತ್ತುಕೊಂಡು ಹೋಗಿತ್ತಂತೆ. ಅಂದಿನಿಂದ ಕೋಟೆಯ ಮೇಲ್ವಿಚಾರಕಿ, ನಾವೆಲ್ಲ ಮೇಡಂ ಅನ್ನುವವರು, ಈ ನಿಯಮವನ್ನು ಗೋಡೆಯ ಮೇಲೇ ಬರೆಸಿದ್ದಾರೆ. ಸೊಳ್ಳೆ ಕಚ್ಚಿದರೂ ಸತ್ತವರು ಸತ್ತವರೇ.

ದೊಡ್ಡ ಭಾವನಿಗೆ ಒಂದು ಮಾತು ಅಂಟಿಕೊಂಡಿದೆ: ‘ಆಧಾರ ಏನು?’ ಇತಿಹಾಸ ಓದಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದಿದ್ದವರು, ಆ ಕೆಲಸ ಸಿಗದೆ ಬಾವಿಕಟ್ಟೆ ಹತ್ತಿದರು. ಮಾತಿನ ಶಿಸ್ತು ಮಾತ್ರ ಬಿಡಲಿಲ್ಲ. ಯಾವ ರಾಜ ಎಲ್ಲಿ ಕೂತಿದ್ದ ಎಂದು ಯಾರಾದರೂ ಹೇಳಿದರೆ ಸಾಕು, ಕನ್ನಡಕ ಮೇಲೇರಿಸಿ ‘ಆಧಾರ ಏನು?’ ಎನ್ನುತ್ತಿದ್ದರು. ಮನೆಯಲ್ಲಿ ಅಕ್ಕ ‘ಹಾಲು ಉಕ್ಕಿತು’ ಎಂದು ಕೂಗಿದರೂ ಅದೇ ಪ್ರಶ್ನೆ. ಅಕ್ಕ ಒಮ್ಮೆ ಕರಕಲಾದ ಪಾತ್ರೆಯನ್ನೇ ತಂದು ಅವರ ಪುಸ್ತಕದ ಮೇಲೆ ಕುಕ್ಕಿದ್ದಳು.

ಚಿಕ್ಕ ಭಾವ ಕೋಟೆಗೆ ಬಂದದ್ದು ದೊಡ್ಡ ಭಾವನಿಂದಲೇ. ಮೊದಲಿದ್ದ ಸೇನಾಪತಿ ಸೊಂಟ ಉಳುಕಿಸಿಕೊಂಡು ಬಿಟ್ಟು ಹೋದ. ಆಗ ಚಿಕ್ಕ ಭಾವ ಮನೆಗಳಿಗೆ ಬಣ್ಣ ಬಳಿಯುತ್ತಿದ್ದರು. ಏಣಿಯ ಮೇಲೆ ನಿಂತೇ ಬೆಳೆದ ಮನುಷ್ಯ, ಎತ್ತರದ ಭಯವಿಲ್ಲ. ‘ನಮ್ಮ ಷಡ್ಡಕ ಒಬ್ಬನಿದ್ದಾನೆ’ ಎಂದು ದೊಡ್ಡ ಭಾವನೇ ಮೇಡಂಗೆ ಶಿಫಾರಸು ಮಾಡಿದರು. ತನ್ನ ಮಾತಿನಿಂದ ಒಬ್ಬನಿಗೆ ಕೆಲಸ ಸಿಕ್ಕಿತು ಎಂಬ ಹಿರಿಮೆ ಒಂದು ವಾರ ಇತ್ತು. ಆಮೇಲೆ ಚಿಕ್ಕ ಭಾವ ಸಾಯುವುದನ್ನು ಮಕ್ಕಳು ನೋಡಿದರು, ಹಿರಿಮೆ ಮುಗಿಯಿತು.

ಏನು ಸಾಯುತ್ತಿದ್ದರು ಅಂತೀರಿ! ಬಿದ್ದು, ಎದ್ದು, ಒಂದು ಕೈಯನ್ನು ಯಾರನ್ನೋ ಕರೆಯುವ ಹಾಗೆ ಚಾಚಿ, ಮೊಣಕಾಲೂರಿ, ಮೆಲ್ಲಗೆ ಕೆನ್ನೆಯನ್ನು ನೆಲಕ್ಕೆ ಇಡುತ್ತಿದ್ದರು. ಚೀರಾಡುತ್ತಿದ್ದ ಮಕ್ಕಳು ಗಪ್‌ಚಿಪ್. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆ ನಿಲ್ಲುವವರೆಗೆ ದೊಡ್ಡ ಭಾವ ಮೈಕು ಹಿಡಿದು ಕಾಯಬೇಕು. ನಿಂತ ಮೇಲೆ ಅವರು ಕಂದಾಯ ಪದ್ಧತಿಯ ಬಗ್ಗೆ ಹೇಳಲು ಶುರು ಮಾಡಿದರೆ ಮಕ್ಕಳು ಕತ್ತು ಚಾಚಿ ಹೆಣವನ್ನೇ ನೋಡುತ್ತಿದ್ದರು. ಇವರ ಕಡೆ ನೋಡುತ್ತಿದ್ದವರು ಟೀಚರುಗಳು ಮಾತ್ರ, ಅವರೂ ಗಡಿಯಾರ ನೋಡಿಕೊಂಡು.

ಇಷ್ಟನ್ನು ದೊಡ್ಡ ಭಾವ ಹೇಗೋ ನುಂಗಿಕೊಂಡಿದ್ದರು. ನುಂಗಲಾಗದ್ದು ಅವರ ಮಗಳ ತರಗತಿ ಬಂದ ದಿನದ್ದು. ನಾನು ಉಡುಪಿನ ಕೋಣೆಯ ಕಿಟಕಿಯಲ್ಲಿದ್ದೆ, ಅವರು ಕಿಟಕಿಯ ಕೆಳಗೆ ಮೈಕಿನ ತಂತಿ ಸುತ್ತುತ್ತಿದ್ದರು. ಮಗಳು ಗೆಳತಿಯರಿಗೆ, ‘ಸೇನಾಪತಿ ಇದ್ದಾರಲ್ಲ, ಅವರು ನಮ್ಮ ಚಿಕ್ಕಪ್ಪ, ಗೊತ್ತಾ!’ ಎಂದು ಕುಣಿಯುತ್ತಿದ್ದಳು. ಒಬ್ಬಳು, ‘ಮತ್ತೆ ಮೈಕಲ್ಲಿ ಮಾತಾಡಿದ್ರಲ್ಲ, ಅವರ್ಯಾರು?’ ಎಂದು ಕೇಳಿದಳು. ಇವಳು ಒಂದು ಕ್ಷಣ ತಡೆದು, ‘ಅವರಾ? ಇಲ್ಲೇ ಕೆಲಸ ಮಾಡೋರು’ ಅಂದುಬಿಟ್ಟಳು.

ದೊಡ್ಡ ಭಾವ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದರು. ಕಿವಿ ಮಾತ್ರ ಕೆಂಪಗಾಗಿತ್ತು. ನನಗೆ ಆ ಹುಡುಗಿಯ ಕಿವಿ ಹಿಂಡಬೇಕು ಅನ್ನಿಸಿತು. ಅವಳಿಗೆ ಹನ್ನೊಂದು ವರ್ಷ, ಆ ವಯಸ್ಸಿನಲ್ಲಿ ಅಪ್ಪ ಅನ್ನುವುದೇ ಒಂದು ನಾಚಿಕೆ. ಆದರೆ ಅದನ್ನು ಹೊಟ್ಟೆ ಉರಿಯುತ್ತಿರುವವರಿಗೆ ಯಾರು ವಿವರಿಸಬೇಕು?

ಅದಾದ ಮೇಲೆ ನನ್ನ ಕೋಣೆಗೆ ಬರುವ ಸೇನಾಪತಿಯ ಬಟ್ಟೆಯಲ್ಲಿ ವ್ಯತ್ಯಾಸ ಕಾಣತೊಡಗಿತು. ಸೇನಾಪತಿಯ ಮೈಮೇಲೆ ದಪ್ಪ ನೂಲಿನಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿದ ಸರಪಳಿ ಅಂಗಿ ಇರುತ್ತದೆ. ಅದರ ಕೆಳಗೆ, ಬಿದ್ದಾಗ ಪೆಟ್ಟಾಗದಿರಲಿ ಎಂದು ನಾನೇ ಹೊಲಿದ ಉಣ್ಣೆಯ ಅಂಗಿ. ಮೊದಲೆಲ್ಲ ಅದರ ಬೆನ್ನಷ್ಟೇ ಒದ್ದೆಯಾಗಿರುತ್ತಿತ್ತು. ಈಗ ತೋಳು, ಎದೆ, ಕಾಲರು ಎಲ್ಲ ಹಿಂಡಿದರೆ ನೀರು ಸುರಿಯುವಷ್ಟು. ಮನುಷ್ಯ ಹೆಚ್ಚು ಹೊತ್ತು ಕುಣಿದರೆ ಬೆನ್ನು ಬೆವರುತ್ತದೆ, ಹೆಚ್ಚು ಹೊತ್ತು ಬಿಸಿಲಲ್ಲಿ ಮಲಗಿದರೆ ಎಲ್ಲಾ ಬೆವರುತ್ತದೆ. ಕಿಟಕಿಯಿಂದ ಬಗ್ಗಿ ನೋಡಿದೆ. ಸೇನಾಪತಿ ಸತ್ತು ಎಷ್ಟೋ ಹೊತ್ತಾಗಿತ್ತು. ದೊಡ್ಡ ಭಾವ ಬಾವಿಯ ಆಳ ಹೇಳಿ, ಕಲ್ಲಿನ ಜಾತಿ ಹೇಳಿ, ಗಾರೆಗೆ ಏನೇನು ಬೆರೆಸುತ್ತಿದ್ದರು ಎಂದು ನಿಧಾನವಾಗಿ ವಿವರಿಸುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದಾಗ ಕೇಳಿಯೇಬಿಟ್ಟೆ.

‘ಏನು ಭಾವ, ಇತ್ತೀಚೆಗೆ ಇತಿಹಾಸ ಬಹಳ ಉದ್ದ ಆಗ್ತಾ ಇದೆ?’

‘ಮಕ್ಕಳು ಕಲೀಲಿ ಪುಟ್ಟಿ.’ ನನಗೆ ನಲವತ್ತು ದಾಟಿದರೂ ಅವರಿಗೆ ನಾನು ಪುಟ್ಟಿಯೇ.

‘ಬಿಸಿಲಲ್ಲಿ ಒಬ್ಬರು ಮಲಗಿರ್ತಾರೆ ಅಂತ ನೆನಪಿದೆ ತಾನೆ?’

‘ನಾನೇನು ಯಾರನ್ನೂ ಬಿಸಿಲಲ್ಲಿ ಬೇಯಿಸ್ತಾ ಇಲ್ಲ!’

ಬೇಯಿಸುವ ಮಾತನ್ನು ನಾನು ಆಡಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಆ ಒದ್ದೆ ಅಂಗಿಯನ್ನು ಅವರ ಮುಂದಿನ ಹಗ್ಗದ ಮೇಲೆ ಒಣಹಾಕಿದೆ. ಅದು ತೊಟ್ಟಿಕ್ಕುವುದನ್ನು ನೋಡುತ್ತಾ ಅವರು ಊಟ ಮುಗಿಸಿದರು, ನೆಮ್ಮದಿಯಾಗಿಯೇ.

ಆದರೆ ಕಂದಾಯ, ಗಾರೆ, ಕಲ್ಲು ಇವನ್ನಿಟ್ಟುಕೊಂಡು ಮಕ್ಕಳನ್ನು ಎಷ್ಟು ಹೊತ್ತು ಹಿಡಿಯಲು ಸಾಧ್ಯ? ಒಂದು ದಿನ ಮಕ್ಕಳು ಅರ್ಧದಲ್ಲೇ ಎದ್ದು ಬಾಗಿಲ ಕಡೆ ನಡೆದರು. ಅವರು ಹೊರಟರೆ ಹೆಣ ಏಳುತ್ತದೆ, ನೆರಳಿಗೆ ಹೋಗಿ ನೀರು ಕುಡಿಯುತ್ತದೆ. ದೊಡ್ಡ ಭಾವ ಗಾಬರಿಯಲ್ಲಿ ಕೂಗಿದರು: ‘ಮಕ್ಕಳೇ, ಈ ಸತ್ತವನಿಗೂ ಒಬ್ಬಳು ತಾಯಿ ಇದ್ದಳು!’

ಎಲ್ಲರೂ ನಿಂತರು. ಒಬ್ಬೊಬ್ಬರೇ ವಾಪಸು ಬಂದು ಕೂತರು.

‘ಅದರಲ್ಲಿ ಸುಳ್ಳೇನಿದೆ? ತಾಯಿ ಇಲ್ಲದೆ ಯಾರಾದ್ರೂ ಹುಟ್ತಾರಾ?’ ಎಂದು ಆಮೇಲೆ ನನ್ನ ಹತ್ತಿರ ವಾದಿಸಿದರು. ಸರಿ, ಅಲ್ಲಿಯವರೆಗೆ ಸುಳ್ಳಿರಲಿಲ್ಲ. ಆದರೆ ಮಾರನೆಯ ದಿನ ಆ ತಾಯಿ ಮಗನ ಅಂಗಿಯ ಕಾಲರಿಗೆ ಒಂದು ಕೆಂಪು ದಾರ ಹೊಲಿದಳು, ಸಾವಿರ ಹೆಣಗಳ ನಡುವೆಯೂ ತನ್ನ ಮಗನ ಗುರುತು ಸಿಗಲಿ ಎಂದು. ‘ನೀನು ಬರೋ ತನಕ ದೀಪ ಹಿಡ್ಕೊಂಡು ಬಾಗಿಲಲ್ಲೇ ನಿಂತಿರ್ತೀನಿ’ ಅಂದಳು. ಮಕ್ಕಳು ಕಣ್ಣೊರೆಸಿಕೊಂಡರು. ಹೋಗುವಾಗ ಒಬ್ಬಳು ಬಗ್ಗಿ ಹೆಣದ ಕಾಲರು ನೋಡಿ, ‘ದಾರ ಎಲ್ಲಿ?’ ಎಂದಳು. ಸಂಜೆ ನಾನು ಕೆಂಪು ದಾರ ಹೊಲಿಯಬೇಕಾಯಿತು.

ಆಮೇಲೆ ಸುಳ್ಳಿಗೊಂದರಂತೆ ನನಗೆ ಕೆಲಸ. ಸೇನಾಪತಿ ಸೊಂಟದಲ್ಲಿ ಬೀಜದ ಚೀಲ ಕಟ್ಟಿಕೊಂಡಿದ್ದನಂತೆ, ಯುದ್ಧ ಮುಗಿದ ಮೇಲೆ ಹೊಲ ಬಿತ್ತಲು. ಚೀಲ ಹೊಲಿದೆ. ರಾಜಧಾನಿಯ ಕಣಜಕ್ಕೆ ಬೆಂಕಿ ಇಡಲು ಒಪ್ಪದೆ, ಪಂಜನ್ನು ಕೈಯಲ್ಲೇ ಆರಿಸಿ ಅಂಗೈ ಸುಟ್ಟುಕೊಂಡಿದ್ದನಂತೆ. ಅಂಗೈಗೆ ಪಟ್ಟಿ ಸುತ್ತಿದೆ. ಅವನ ಕುದುರೆ ಅಳುತ್ತಿತ್ತಂತೆ. ಕುದುರೆ ನಮ್ಮಲ್ಲಿ ಇಲ್ಲ, ನಾನು ಬದುಕಿದೆ. ನಿಜ ಏನೆಂದರೆ, ಆ ಸೇನಾಪತಿಯ ಬಗ್ಗೆ ಇರುವುದು ಬಾಗಿಲ ಪಕ್ಕದ ಕಲ್ಲಿನ ಮೇಲಿನ ಒಂದೇ ಸಾಲು: ಶತ್ರು ಸೇನಾಪತಿ ಇಲ್ಲಿ ಸತ್ತ, ಅವನ ಕುದುರೆಯನ್ನು ರಾಜನ ಲಾಯಕ್ಕೆ ಸೇರಿಸಲಾಯಿತು. ಹೆಸರು ಕೂಡ ಇಲ್ಲ. ಕುದುರೆಗೆ ಸಿಕ್ಕಷ್ಟು ಆಧಾರ ಆ ಮನುಷ್ಯನಿಗೆ ಸಿಕ್ಕಿರಲಿಲ್ಲ.

‘ಆಧಾರ ಏನು?’ ಎಂದು ಜಗತ್ತಿಗೆಲ್ಲ ಕೇಳಿದವರು ಹೀಗೆ ಹೊಸೆಯುತ್ತಿದ್ದರೆ ಬೇಲಿಯೇ ಎದ್ದು ಹೊಲ ಮೇದಂತೆ. ನಾನು ಹೇಳಿದೆ. ‘ಇವತ್ತೊಂದು ದಿನ’ ಅಂದರು. ಕುಡುಕರೂ ಹಾಗೇ ಹೇಳುವುದು.

ಮತ್ತೆ ತಮಾಷೆ ನೋಡಿ. ಷಡ್ಡಕನನ್ನು ಬೇಯಿಸಲು ಹೊತ್ತಿಸಿದ ಒಲೆಯಲ್ಲಿ ಷಡ್ಡಕನಿಗೇ ಊಟ ತಯಾರಾಯಿತು. ಕತೆ ಶಾಲೆಯಿಂದ ಶಾಲೆಗೆ ಹಬ್ಬಿತು, ಬರುವ ಮಕ್ಕಳಿಗೆ ಈಗ ರಾಜ ಬೇಡ. ರಾಜ ಕತ್ತಿ ಎತ್ತಿದರೆ ‘ಹೋ’ ಎಂದು ಕೂಗಿ ಬೈಯುತ್ತಿದ್ದರು, ಪಾಪದ ಕಾವಲುಗಾರ ಮನೆಗೆ ಹೋಗಿ ಹೆಂಡತಿಯ ಹತ್ತಿರ ಬೇಜಾರು ಮಾಡಿಕೊಂಡನಂತೆ. ಸೇನಾಪತಿಯ ಚಿತ್ರ ಬರೆದು ಕಳಿಸುವ ಶಾಲೆಗಳೆಷ್ಟು! ಎಲ್ಲ ಚಿತ್ರದಲ್ಲೂ ಕೆಂಪು ಕಾಲರು, ಎಲ್ಲದರಲ್ಲೂ ದೀಪ ಹಿಡಿದ ಮುದುಕಿ. ಒಂದರಲ್ಲೂ ಬಾವಿಕಟ್ಟೆಯಾಗಲಿ ಮೈಕಾಗಲಿ ಇರಲಿಲ್ಲ. ದೊಡ್ಡ ಭಾವ ಪ್ರತಿಯೊಂದನ್ನೂ ತಿರುವಿ ನೋಡಿದರು, ಮೂಲೆಯಲ್ಲಾದರೂ ತಾನಿದ್ದೇನಾ ಎಂದು.

ಅಮ್ಮನ ಮನೆಯಲ್ಲೂ ಅದೇ. ರಜೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಅಮ್ಮ ಮೊದಲಿಂದಲೂ ಚಿಕ್ಕ ಅಳಿಯನ ತಟ್ಟೆಯ ಕಡೆಗೇ ವಾಲುವವಳು. ಈಗಂತೂ ‘ಪಾಪ, ಕಣಜ ಸುಡಲ್ಲ ಅಂದನಂತಲ್ಲ, ಎಂಥಾ ಮನಸ್ಸು’ ಎಂದು ಚಿಕ್ಕ ಭಾವನಿಗೇ ಎರಡು ಸೌಟು ಹೆಚ್ಚು ಬಡಿಸಿದಳು.

‘ಅತ್ತೆ, ಅದು ಸೇನಾಪತಿ. ಇವನಲ್ಲ’ ಎಂದರು ದೊಡ್ಡ ಭಾವ.

‘ಇರಲಿ ಬಿಡಪ್ಪ, ಯಾರಾದ್ರೇನು. ನೀನು ಹೊಟ್ಟೆ ತುಂಬಾ ಊಟ ಮಾಡು.’

ಚಿಕ್ಕ ಭಾವ ತಲೆ ತಗ್ಗಿಸಿ ನಗುತ್ತಾ ತನ್ನ ತಟ್ಟೆಯಿಂದ ಅರ್ಧವನ್ನು ದೊಡ್ಡ ಭಾವನ ತಟ್ಟೆಗೆ ಹಾಕಿದರು. ಅದು ಅವರ ಒಳ್ಳೆಯತನ. ಆದರೆ ಹೊಟ್ಟೆಕಿಚ್ಚಿನವರಿಗೆ ಎದುರಾಳಿಯ ಒಳ್ಳೆಯತನದಷ್ಟು ಖಾರದ ವಸ್ತು ಬೇರೆ ಇಲ್ಲ. ದೊಡ್ಡ ಭಾವ ಆ ಅರ್ಧವನ್ನು ಮುಟ್ಟದೆ ಎದ್ದರು.

ಹೀಗಿರುವಾಗ ಪಠ್ಯಪುಸ್ತಕದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಬೆಳ್ಳಗಿನ ಕೂದಲಿನ, ಗಂಭೀರ ಮುಖದ ಹೆಂಗಸು. ಮಕ್ಕಳ ನಡುವೆ ಕೂತು ಆಟ ನೋಡಿದರು, ತಾಯಿಯ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೇಡಂ ಕೋಣೆಯಲ್ಲಿ ಹೇಳಿದರಂತೆ: ಇದು ಏಳನೇ ತರಗತಿಯ ಪುಸ್ತಕಕ್ಕೆ ಪಾಠವಾಗಬೇಕು, ಜೊತೆಗೆ ಈ ಸೇನಾಪತಿಯ ಪಾತ್ರಧಾರಿಯದೇ ದೊಡ್ಡ ಫೋಟೋ ಬೇಕು. ಹೊರಡುವಾಗ ದೊಡ್ಡ ಭಾವನನ್ನು ನಿಲ್ಲಿಸಿ, ‘ಮುಂದಿನ ವಾರ ಫೋಟೋಗ್ರಾಫರ್ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಇದರ ಆಧಾರ ಯಾವುದು ಅಂತ ಸ್ವಲ್ಪ ಹೇಳಿಬಿಡಿ, ಸರ್’ ಅಂದರು.

ತನ್ನದೇ ಪ್ರಶ್ನೆ, ಬೇರೆಯವರ ಬಾಯಲ್ಲಿ. ದೊಡ್ಡ ಭಾವ ಉಡುಪಿನ ಕೋಣೆಗೆ ಬಂದು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತರು.

‘ಏನು ಮಾಡಲಿ ಪುಟ್ಟಿ? ಕತೆ ನಿಜ ಅಂದ್ರೆ ಸುಳ್ಳು ಪುಸ್ತಕಕ್ಕೆ ಹೋಗುತ್ತೆ. ನನ್ನ ಮಗಳು ಅದನ್ನ ಬಾಯಿಪಾಠ ಮಾಡ್ತಾಳೆ. ಪ್ರತಿ ಮಗುವಿನ ಚೀಲದಲ್ಲೂ ಅವನ ಮುಖ.’

‘ಸುಳ್ಳು ಅಂತ ಹೇಳಿಬಿಡಿ.’

‘ಹೇಳಿದ್ರೆ ನಾನು ಉಳೀತೀನಾ? ನನ್ನ ಹತ್ತಿರ ಇರೋದು ಅದೊಂದೇ. ಚಪ್ಪಾಳೆ ಇಲ್ಲ, ಏನಿಲ್ಲ. ಈ ಮನುಷ್ಯ ಸುಳ್ಳು ಹೇಳಲ್ಲ ಅನ್ನೋದೊಂದು.’

ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ನನಗೆ ಕನಿಕರವೂ ಬಂತು, ಸಿಟ್ಟೂ ಬಂತು. ಪಠ್ಯಪುಸ್ತಕದ ಚಿಂತೆಗಿಂತ ಫೋಟೋದ ಚಿಂತೆ ಅವರ ಮುಖದಲ್ಲಿ ಹೆಚ್ಚಾಗಿತ್ತು.

ಅಧಿಕಾರಿ ಮತ್ತೆ ಬಂದ ದಿನ ಬಿಸಿಲು ಕಾದ ಹೆಂಚಿನ ಹಾಗಿತ್ತು. ಚಿಕ್ಕ ಭಾವ ಆವತ್ತು ಸತ್ತಂತೆ ಮೊದಲೆಂದೂ ಸತ್ತಿರಲಿಲ್ಲ. ಫೋಟೋಗ್ರಾಫರ್ ಅಂಗಳದಲ್ಲೇ ಹೊಟ್ಟೆ ಅಡಿಯಾಗಿ ಮಲಗಿ ಹೆಣದ ಮುಖಕ್ಕೆ ಕ್ಯಾಮೆರಾ ಹಿಡಿದ. ದೊಡ್ಡ ಭಾವ ಬಾವಿಕಟ್ಟೆ ಹತ್ತಿದರು. ‘ಮಕ್ಕಳೇ, ಈ ಸತ್ತವನಿಗೂ...’ ಎಂದರು. ಅಷ್ಟರಲ್ಲಿ ಫೋಟೋಗ್ರಾಫರ್ ತಲೆ ಎತ್ತಿ, ‘ಸರ್, ಸ್ವಲ್ಪ ಆ ಕಡೆ ಹೋಗ್ತೀರಾ? ನಿಮ್ಮ ನೆರಳು ಅವರ ಮೇಲೆ ಬೀಳ್ತಿದೆ’ ಎಂದ.

ದೊಡ್ಡ ಭಾವ ಕದಲಲಿಲ್ಲ. ಕಿವಿ ಮತ್ತೆ ಕೆಂಪಗಾದದ್ದು ನನಗೆ ಕಿಟಕಿಯಿಂದಲೇ ಕಂಡಿತು.

‘ಸುಳ್ಳು!’ ಎಂದು ಮೈಕು ಕಿರುಚುವಷ್ಟು ಜೋರಾಗಿ ಕೂಗಿದರು. ‘ಎಲ್ಲಾ ಸುಳ್ಳು! ಬೀಜದ ಚೀಲ ಸುಳ್ಳು, ಮೊನ್ನೆ ಹೊಲಿಸಿದ್ದು. ಅಂಗೈ ಸುಟ್ಟಿದ್ದು ಸುಳ್ಳು. ಕುದುರೆ ಅಳಲಿಲ್ಲ, ಕುದುರೆ ಹೋಗಿ ರಾಜನ ಲಾಯದಲ್ಲಿ ಹುಲ್ಲು ತಿಂತು. ಕಲ್ಲಿನ ಮೇಲೆ ಇರೋದು ಒಂದೇ ಸಾಲು. ಬಾಕಿದ್ದೆಲ್ಲಾ ನಾನು ಕಟ್ಟಿದ್ದು!’

ಒಂದು ಹುಡುಗಿ ಎದ್ದು ನಿಂತು, ‘ಯಾಕೆ ಸರ್ ಕಟ್ಟಿದ್ರಿ?’ ಎಂದು ಕೇಳಿದಳು.

‘ಯಾಕೆ ಅಂದ್ರೆ ಸತ್ತವರು ಏಳೋ ಹಾಗಿಲ್ಲ! ನೀವು ಇಲ್ಲಿರೋ ತನಕ ಅವನು ಬಿಸಿಲಲ್ಲಿ ಬಿದ್ದಿರಬೇಕು. ಬಿದ್ದಿರಲಿ ಅಂತ ಹೇಳ್ದೆ. ಅವನು ನನ್ನ ಷಡ್ಡಕ. ನೀವೆಲ್ಲ ಅವನನ್ನೇ ನೋಡ್ತೀರಿ, ನನ್ನ ಮಗಳೂ ಅವನನ್ನೇ ನೋಡ್ತಾಳೆ. ನನಗೆ ಹೊಟ್ಟೆಕಿಚ್ಚು! ಸಾಕಾ?’

ನನ್ನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿದ್ದು ನನಗೆ ಆಮೇಲೆ ಗೊತ್ತಾಯಿತು. ಮೊದಲು ಒಬ್ಬ ಹುಡುಗ ಕಿಸಕ್ಕೆಂದ. ಅವನ ಪಕ್ಕದವನು. ಆಮೇಲೆ ಮೆಟ್ಟಿಲುಗಳೆಲ್ಲ ನಕ್ಕವು. ಹೊಟ್ಟೆ ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇದೂ ಆಟದ ಭಾಗವೆಂದೇ ತಿಳಿದರು. ಚಪ್ಪಾಳೆ ಬಿತ್ತು ನೋಡಿ, ಗೋಡೆಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿಹೋದವು. ಗಂಭೀರ ಮುಖದ ಅಧಿಕಾರಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ದೊಡ್ಡ ಭಾವ ಬಾಯಿ ತೆರೆದು ನಿಂತಿದ್ದರು. ಇಷ್ಟು ವರ್ಷ ಕಾದ ಚಪ್ಪಾಳೆ, ಮರ್ಯಾದೆ ಹರಾಜಾದ ಹೊತ್ತಿಗೆ ಬಂದು ಮೈಮೇಲೆ ಬಿದ್ದಿತ್ತು.

ಮಕ್ಕಳು ಹೋದ ಮೇಲೆ ಸೇನಾಪತಿ ಎದ್ದು ನನ್ನ ಕೋಣೆಗೆ ಬಂದರು. ನಾನು ಸರಪಳಿ ಅಂಗಿಯ ಬೆನ್ನಿನ ಗುಂಡಿ ಬಿಚ್ಚಿದೆ. ಬಾಗಿಲಲ್ಲಿ ದೊಡ್ಡ ಭಾವ ಬಂದು ನಿಂತರು. ಒಳಗೆ ಬರಲಿಲ್ಲ.

‘ಬಿಸಿಲಿನ ವಿಷಯ ನನಗೆ ಮೊದಲೇ ಗೊತ್ತಿತ್ತು ಅಣ್ಣಾ’ ಎಂದರು ಚಿಕ್ಕ ಭಾವ, ಇವರ ಕಡೆ ತಿರುಗದೆ.

‘ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?’

‘ಕತೆ ಚೆನ್ನಾಗಿತ್ತಲ್ಲ.’ ಉಣ್ಣೆ ಅಂಗಿ ತಲೆಯಿಂದ ತೆಗೆದು, ಮಡಿಲಲ್ಲಿಟ್ಟುಕೊಂಡು ಕೂತರು. ‘ನಮ್ಮಮ್ಮನ ಮುಖ ನನಗೆ ನೆನಪಿಲ್ಲ. ಫೋಟೋನೂ ಇಲ್ಲ. ಸೋದರಮಾವನ ಮನೇಲಿ ಬೆಳೆದೋನು, ಯಾರೂ ಅವಳ ಮಾತು ಆಡ್ತಿರಲಿಲ್ಲ. ಅಲ್ಲಿ ಕಣ್ಣು ಮುಚ್ಚಿ ಮಲಗಿದಾಗ ನೀವು ಹೇಳ್ತಿದ್ರಲ್ಲ, ದೀಪ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ ಅಂತ... ಬೇಗ ಮುಗಿಸಬೇಡಿ ಅಂತಾನೇ ನನಗೆ ಅನ್ನಿಸ್ತಿತ್ತು.’

ಕಾಲರಿನ ಕೆಂಪು ದಾರವನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿದರು: ‘ಎಲ್ಲಾ ಸುಳ್ಳು ಅಂದ್ರಿ. ಅವಳೂ ಸುಳ್ಳಾ ಅಣ್ಣಾ?’

ದೊಡ್ಡ ಭಾವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ತಿರುಗಿ ಹೊರಟುಹೋದರು. ಅವರ ಮೇಲೆ ನನಗೆ ಆ ಹೊತ್ತು ಬಂದಷ್ಟು ಕೋಪ ಹಿಂದೆಂದೂ ಬಂದಿರಲಿಲ್ಲ.

ಕೆಲಸ ಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಆದದ್ದು ಬೇರೆ. ಅಧಿಕಾರಿ ಪಾಠದ ವಿಷಯವನ್ನೇ ಬದಲಿಸಿದರು: ಇತಿಹಾಸ ಯಾವುದು, ಕಟ್ಟುಕತೆ ಯಾವುದು, ಕೇಳಿದ್ದನ್ನೆಲ್ಲ ನಂಬಬೇಕಾ ಎಂದು. ಫೋಟೋ ಇಬ್ಬರದೂ ಬಂತು. ಮೇಡಂ ಅಂತೂ ದಿನವೂ ಹೀಗೇ ನಡೆಯಲಿ ಎಂದು ಅಪ್ಪಣೆ ಮಾಡಿದರು. ಈಗ ಸೇನಾಪತಿ ಸತ್ತ ಮೇಲೆ ದೊಡ್ಡ ಭಾವ ಒಂದೊಂದೇ ಸುಳ್ಳು ಹೇಳುತ್ತಾರೆ, ಮಕ್ಕಳು ಒಟ್ಟಾಗಿ ‘ಆಧಾರ ಏನು?’ ಎಂದು ಕೂಗುತ್ತಾರೆ, ಅವರು ‘ಇಲ್ಲ!’ ಎನ್ನುತ್ತಾರೆ. ಕೊನೆಗೆ ಷಡ್ಡಕನ ಮೇಲಿನ ಹೊಟ್ಟೆಕಿಚ್ಚು. ಅಲ್ಲಿಗೆ ಅಂಗಳ ಬಿದ್ದು ಬಿದ್ದು ನಗುತ್ತದೆ. ಮಗಳು ಇನ್ನೊಂದು ತರಗತಿಯವರ ಜೊತೆ ಬಂದಾಗ, ‘ಅವರು ನಮ್ಮಪ್ಪ’ ಅಂದಳು. ‘ನಿಜವಾಗ್ಲೂ ಹೊಟ್ಟೆಕಿಚ್ಚಾ?’ ಎಂದು ಯಾರೋ ಕೇಳಿದ್ದಕ್ಕೆ, ‘ಮನೇಲೂ ಹಾಗೇ’ ಎಂದು ಹೆಮ್ಮೆಯಿಂದ ಹೇಳಿದಳು.

ದೊಡ್ಡ ಭಾವ ಸುಖವಾಗಿದ್ದರು, ಕೆಲವು ದಿನ. ಮೊನ್ನೆ ಮಧ್ಯಾಹ್ನ ಊಟದ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

‘ಇವತ್ತು ಅವನೇನು ಮಾಡಿದ ಗೊತ್ತಾ? ನಾನು ಹೊಟ್ಟೆಕಿಚ್ಚು ಅಂದೆ. ಅವನು ಒಂದು ಕಣ್ಣು ತೆರೆದು ಮಕ್ಕಳಿಗೆ ಮಿಟುಕಿಸಿದ! ನಗು ಪೂರ್ತಿ ಆ ಕಣ್ಣಿಗೇ ಹೋಯ್ತು. ಚಪ್ಪಾಳೆನೂ ಕಣ್ಣಿಗೇ. ಮಾತೆಲ್ಲ ನನ್ನದು, ಲಾಭ ಅವನ ರೆಪ್ಪೆಗೆ! ನಾನು ಹುಟ್ಟಿಸಿದ ಆ ಮುದುಕಿ ಕೂಡ ಅವನ ಕಡೆಗೇ ಹೋದಳು ನೋಡು.’

ಅವರು ಕುದಿಯುವುದನ್ನು ನೋಡಿ ನನಗೆ ಕೆಣಕುವ ಬುದ್ಧಿ ಬಂತು. ದಿನವೂ ಕಿಟಕಿಯಲ್ಲಿ ಕೂತು ಕೇಳುವವಳು ನಾನು. ಚೀಲ ಸುಳ್ಳು, ಅಂಗೈ ಸುಳ್ಳು, ಕುದುರೆ ಸುಳ್ಳು ಎನ್ನುವವರು ಆ ತಾಯಿಯನ್ನು ಮಾತ್ರ ಸುಳ್ಳಿನ ಪಟ್ಟಿಗೆ ಒಮ್ಮೆಯೂ ಸೇರಿಸಿರಲಿಲ್ಲ. ದೀಪ ಹಿಡಿದು ಬಾಗಿಲಲ್ಲಿ ನಿಂತಳು ಎಂದು ಮೊದಲೇ ಹೇಳಿ ಮುಗಿಸಿಬಿಡುತ್ತಿದ್ದರು, ಮಕ್ಕಳು ಪ್ರಶ್ನೆ ಕೂಗಲು ಶುರು ಮಾಡುವ ಮುಂಚೆ.

‘ಹಾಗಾದ್ರೆ ನಾಳೆ ಆ ಅಮ್ಮನೂ ಸುಳ್ಳು ಅಂತ ಹೇಳಿಬಿಡಿ ಭಾವ. ಅಲ್ಲಿಗೆ ಸೇಡು ತೀರುತ್ತೆ.’

ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಬಹಳ ಹೊತ್ತು ಒರೆಸಿದರು.

‘ಅವಳಿಗೆ ಆಧಾರ ಇದೆ’ ಎಂದರು.

ಮತ್ತೆ ಕನ್ನಡಕ ಹಾಕಿಕೊಂಡು, ಹಗ್ಗದ ಮೇಲೆ ಒಣಗುತ್ತಿದ್ದ ಉಣ್ಣೆ ಅಂಗಿಯ ಕಾಲರನ್ನು ಹಿಡಿದು ನೋಡಿದರು. ‘ಈ ಕೆಂಪು ದಾರ ಮಾಸಿದೆ. ಹೊಸದು ಹಾಕು’ ಎಂದರು. ನಾನು ಹೂಂ ಅಂದೆ. ಅವರು ಊಟಕ್ಕೆ ಕೂತರು, ಎರಡು ತುತ್ತು ತಿಂದರು, ಮೂರನೆಯದನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು.

‘ಆದ್ರೂ ನೀನೇ ಹೇಳು ಪುಟ್ಟಿ, ಸತ್ತವನು ಕಣ್ಣು ಬಿಡಬಹುದಾ?’